ನಿಮಗಿದು ಗೊತ್ತೆ? ಮನೆಯ ಮಾಡಿನ ಮೇಲೊಂದು ಬಾವುಟ

ಆಗಸ್ಟ್ 15ರ ಮುಂಜಾನೆ, ಜಡಿಮಳೆಯ ನಡುವೆಯೇ, ಅಡಕೆ ದೋಟಿಯ ತುದಿಗೆ ತ್ರಿವರ್ಣವನ್ನು ಬಿಗಿದು ಹೆಂಚಿನ ಮಾಡಿಗೆ ಆನಿಸಿ ನಿಲ್ಲಿಸುವ ಶಿವಮೊಗ್ಗ ಜಿಲ್ಲೆಯ ಹೊಳೆಹೊನ್ನೂರಿನ ಗೃಹಸ್ಥನಿಗೆ, ವರ್ಷವಿಡೀ ಹೀಗೆ ಧ್ವಜವೇರಿಸುವ ಅವಕಾಶವು ತನಗೆ ದೊರೆತದ್ದು 2002ರ ಜನವರಿ 26ರಂದು ಜಾರಿಗೆ ಬಂದ ಧ್ವಜಸಂಹಿತೆಯಿಂದಲೆಂಬುದು ಪ್ರಾಯಶಃ ತಿಳಿದಿರಲಾರದು. ಅದಕ್ಕೆ ಮುನ್ನ ಕೆಲವೇ ರಾಷ್ಟ್ರೀಯ ದಿನಗಳನ್ನುಳಿದು ಖಾಸಗಿ ಮನೆಗಳಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಸೂರ್ಯಾಸ್ತದ ಬಳಿಕವೂ ಹಾರಿಸಬಹುದೆಂಬ ತಿದ್ದುಪಡಿಯಂತೂ 2022ರ ಜುಲೈ ತಿಂಗಳದು.

ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಈಸೂರಿನವರಾದರೋ ಯಾರ ಅಪ್ಪಣೆಗೂ ಕಾದವರಲ್ಲ. 1942ರಲ್ಲಿ ತಮ್ಮ ಗ್ರಾಮವೇ ಸ್ವತಂತ್ರವೆಂದು ಸಾರಿ, ವೀರಭದ್ರ ದೇವಾಲಯದ ಮೇಲೆ ಧ್ವಜವನ್ನೇರಿಸಿದರು. ತರುವಾಯದ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಹತರಾಗಲು, ಐವರು ಗ್ರಾಮಸ್ಥರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಲಾಯಿತು.

ಇನ್ನು ಹೊರದೇಶಗಳತ್ತ ನೋಡಿದರೆ, ಡೆನ್ಮಾರ್ಕಿನಲ್ಲಿ ಹುಟ್ಟುಹಬ್ಬದ ಕೇಕಿಗೂ ಪುಟ್ಟ ರಾಷ್ಟ್ರಧ್ವಜಗಳನ್ನು ಚುಚ್ಚುವರು. ಅಲ್ಲಿ ಅದು ಮನೆಯ ಸಂತೋಷದ ಗುರುತು. ಜರ್ಮನರು ಮಹಾಯುದ್ಧದ ನೆನಪಿನಿಂದ ದೀರ್ಘಕಾಲ ಹಿಂಜರಿದಿದ್ದು, 2006ರ ಫುಟ್‌ಬಾಲ್ ವಿಶ್ವಕಪ್ಪಿನ ವೇಳೆಗೆ ತಮ್ಮ ಬಾವುಟವನ್ನು ಬೀದಿಬೀದಿಗಳಲ್ಲಿ ನಿಸ್ಸಂಕೋಚವಾಗಿ ಬೀಸಿದರು. ಹೀಗಿರುವಾಗ, ಬಾವುಟವಿಲ್ಲದ ಮನೆಯಲ್ಲಿ ದೇಶಭಕ್ತಿಯೂ ಇಲ್ಲವೆನ್ನುವುದು ಅವಸರದ ಮಾತು.

ಹಬ್ಬ ಕಳೆದು, ದೋಟಿಯು ಕೊಯ್ಲಿಗೆಂದು ತೋಟಕ್ಕೆ ಮರಳುವಾಗ, ಮಳೆಗೆ ನೆನೆದ ಧ್ವಜವು ಕೊಟ್ಟಿಗೆಯ ಮೂಲೆಯನ್ನು ಸೇರುವುದುಂಟು. ಹಾಗಾಗದಿರಲಿ: ಹರಿದುದನ್ನು ಮತ್ತೆ ಹಾರಿಸಕೂಡದು, ಜನರ ಕಣ್ಣಿಗೆ ಬೀಳದಂತೆ, ಸಗೌರವವಾಗಿ ಸುಡುವುದೇ ಲೇಸೆಂಬುದು ಸಂಹಿತೆಯ ಸೂಚನೆ.