ಹಳೆಯ ಮೋಟಾರಿಗೆ ಹೊಸ ಆಲ್ಟರ್ನೇಟರು

ತಂದೆಯ ಕಾಲದ ಮಾರಿಸ್ ಮೈನರ್ ಗಾಡಿಯನ್ನು ಜತನದಿಂದ ಉಳಿಸಿಕೊಂಡಿರುವ ಗೃಹಸ್ಥರು ಈಗಲೂ ಉಂಟು. ಅದರ ಲೂಕಾಸ್ ಡೈನಮೋ ಕೊಡುವುದು ಹೆಚ್ಚೆಂದರೆ 22 ಆಂಪಿಯರು. ಇಂಜಿನು ನಿಧಾನವಾಗಿ ತಿರುಗುವಾಗ ಅದೂ ಇಲ್ಲ. ಮಳೆಯ ರಾತ್ರಿಯಲ್ಲಿ ದೀಪ ಹಚ್ಚಿ, ವೈಪರು ನಡೆಯಿಸುತ್ತ, ಸಂದಣಿಯಲ್ಲಿ ನಿಂತರೆ ಬ್ಯಾಟರಿಯೇ ಎಲ್ಲವನ್ನೂ ಹೊರಬೇಕು. ಆದುದರಿಂದಲೇ ಆಲ್ಟರ್ನೇಟರಿನ ಯೋಚನೆ.

ಅಂಗಡಿಯವನು 60 ಆಂಪಿಯರಿನದನ್ನು ತೋರಿಸಿ ಆಸೆ ಹುಟ್ಟಿಸುವನು. ಅದು ಬೇಡವೆಂದೇ ನಮ್ಮ ಅಭಿಪ್ರಾಯ. ಪ್ರವಾಹವು ಕೇಳಿದಷ್ಟೇ ಬರುವುದು, ನಿಜ. ಆದರೆ ಸೊರಗಿದ ಬ್ಯಾಟರಿಯು ಬಹಳವಾಗಿ ಕೇಳುತ್ತದೆ. 22 ಆಂಪಿಯರಿಗೆಂದು ಹಾಕಿದ ಹಳೆಯ ತಂತಿಯು ಆಗ ಕಾದು ಬೆಂಕಿಗೆ ಎಡೆಯಾದೀತು; ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿಯಲ್ಲವೆ? ಲೂಕಾಸರದೇ 34 ಆಂಪಿಯರಿನ 16 ಎಸಿಆರ್ ಇದಕ್ಕೆ ಧಾರಾಳವಾಗಿ ಸಾಕು. ಹಾಗಿದ್ದರೂ ಅದರಿಂದ ಬ್ಯಾಟರಿಗೆ ಹೋಗುವ ತಂತಿಯನ್ನು ಹೊಸದಾಗಿ, ದಪ್ಪನೆಯದನ್ನೇ ಎಳೆಯಿಸತಕ್ಕದ್ದು.

ಇನ್ನೊಂದು ಸಂಗತಿಯುಂಟು, ಇದೇ ಮುಖ್ಯವಾದುದು. 1960ರ ದಶಕದ ನಡುಗಾಲದವರೆಗೆ ಅನೇಕ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಗಾಡಿಯ ಒಡಲಿಗೆ ಸೇರಿಸುವ ವಾಡಿಕೆಯಿದ್ದಿತು. ಈ ಆಲ್ಟರ್ನೇಟರಿಗಾದರೋ ಋಣಧ್ರುವವೇ ಒಡಲಿಗೆ ಸೇರಬೇಕು. ತಿರುವುಮುರುವಾದರೆ ಒಳಗಿನ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುವವು. ಧ್ರುವವನ್ನು ಬದಲಿಸಿದ ಮೇಲೆ ಇಗ್ನಿಷನ್ ಕಾಯಿಲಿನ ಎರಡು ಸಣ್ಣ ತಂತಿಗಳನ್ನೂ ಅದಲುಬದಲು ಮಾಡಿಸುವುದು.

ಫಲಕದ ಕೆಂಪು ದೀಪದ ಬುರುಡೆಯು ಕೆಟ್ಟಿದ್ದರೆ ಮೊದಲೇ ಬೇರೆಯದನ್ನು ಹಾಕಿಸಿರಿ. ಆಲ್ಟರ್ನೇಟರು ಎಚ್ಚರಗೊಳ್ಳುವುದು ಆ ದೀಪದ ಮೂಲಕ ಬರುವ ಅಲ್ಪ ಪ್ರವಾಹದಿಂದ.