ನಾಣ್ಯದ ಮೇಲಿನ ನಾಯಕರು

1948ರವರೆಗೆ ರಾಯಚೂರು ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಗ್ರಾಮದಲ್ಲಿ ಅಂದು ಸಲ್ಲುತ್ತಿದ್ದುದು ‘ಹಾಲಿ ಸಿಕ್ಕಾ’ ರೂಪಾಯಿ. ಅದರ ಮೇಲೆ ಚಾರ್‌ಮಿನಾರಿನ ಚಿತ್ರವಿತ್ತು, ಅರಸನ ಮುಖವಿರಲಿಲ್ಲ. ತುಂಗಭದ್ರೆಯ ಆಚೆಗೆ, ಮದರಾಸು ಪ್ರಾಂತದಲ್ಲಿ, ಇಂಗ್ಲೆಂಡಿನ ದೊರೆಯ ತಲೆಯುಳ್ಳ ‘ಕಲ್ದಾರ್’ ರೂಪಾಯಿ ನಡೆಯುತ್ತಿತ್ತು. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಸ್ಥೂಲವಾದ ಲೆಕ್ಕ.

ಸ್ವತಂತ್ರ ಭಾರತದ ನಾಣ್ಯದಲ್ಲಿ ಜನನಾಯಕರೊಬ್ಬರ ಮುಖ ಮೊದಲು ಮೂಡಿದ್ದು 1964ರಲ್ಲಿ. ಆ ವರ್ಷ ಮೇ 27ರಂದು ಜವಾಹರಲಾಲ್ ನೆಹರು ತೀರಿಕೊಂಡರು. ಅವರ ಸ್ಮರಣೆಗಾಗಿ 1 ರೂಪಾಯಿ ಮತ್ತು 50 ಪೈಸೆಯ ನಿಕಲ್ ನಾಣ್ಯಗಳು ಹೊರಬಂದವು. ಅದೇ ವರ್ಷ ಅಮೆರಿಕವು ಕೆನಡಿಯವರ ಮುಖವುಳ್ಳ ಅರ್ಧ ಡಾಲರನ್ನು ಅಚ್ಚುಹಾಕಿತು. ಗಾಂಧೀಜಿಯವರ ಶತಾಬ್ದಿಗೆ, 1969ರಲ್ಲಿ, ನಮ್ಮಲ್ಲಿ 10 ರೂಪಾಯಿಯ ಬೆಳ್ಳಿ ನಾಣ್ಯ ಬಂದಿತು. 1990ರಲ್ಲಿ ಅಂಬೇಡ್ಕರರೂ 1996ರಲ್ಲಿ ಸರ್ದಾರ್ ಪಟೇಲರೂ ಈ ಸಾಲಿಗೆ ಸೇರಿದರು. ನಮ್ಮ ನಾಡಿನ ಬಸವೇಶ್ವರರ ಸ್ಮರಣೆಗೆ 2006ರಲ್ಲಿ 5 ರೂಪಾಯಿಯ ನಾಣ್ಯ ಹೊರಟಿತು.

ಸಂಗ್ರಾಹಕನು ಹೆಚ್ಚಿನ ಬೆಲೆ ತೆತ್ತು ಕೊಳ್ಳುವಾಗ ಮೋಸಹೋಗುವ ಸಂಭವವುಂಟು. ಇಲ್ಲಿ ವಿದ್ಯಾರ್ಥಿಗೆ ನೆರವಾಗುವುದು ಭೌತಶಾಸ್ತ್ರ. ನೆಹರು ರೂಪಾಯಿ ಶುದ್ಧ ನಿಕಲ್ಲಿನದು. ಅಯಸ್ಕಾಂತವು ಅದನ್ನು ಸೆಳೆಯುತ್ತದೆ. ತಾಮ್ರ-ನಿಕಲ್ ಮಿಶ್ರಲೋಹದ ನಕಲನ್ನು ಸೆಳೆಯುವುದಿಲ್ಲ. ಇವೆರಡರ ಸಾಂದ್ರತೆಯೂ ಸುಮಾರು 8.9 ಆದುದರಿಂದ ತೂಗಿ ನೋಡಿದರೆ ಭೇದ ತಿಳಿಯದು.

ಗಾಂಧಿ ನಾಣ್ಯಕ್ಕಾದರೋ ತಕ್ಕಡಿಯೇ ಬೇಕು. ಅದರ ತೂಕ 15 ಗ್ರಾಂ. ಅದರಲ್ಲಿ ಶೇಕಡ 80 ಬೆಳ್ಳಿ, ಅಂದರೆ 12 ಗ್ರಾಂ. ಉಳಿದುದು ತಾಮ್ರವೆಂದು ಹಿಡಿದರೆ ಸಾಂದ್ರತೆ ಸುಮಾರು 10.1 ಆಗುತ್ತದೆ. ನೂಲಿನಲ್ಲಿ ಕಟ್ಟಿ, ನೀರಿನಲ್ಲಿ ಮುಳುಗಿಸಿ ತೂಗಿದರೆ, ಆರ್ಕಿಮಿಡೀಸನ ನಿಯಮದಂತೆ ತೂಕವು 1.5 ಗ್ರಾಂನಷ್ಟು ಕಡಿಮೆಯಾಗಬೇಕು. ಅಷ್ಟೇ ತೂಕದ ತಾಮ್ರ-ನಿಕಲ್ ನಾಣ್ಯವಾದರೆ 1.7 ಗ್ರಾಂ ಕಡಿಮೆಯಾಗುವುದು. ಈ ಅಲ್ಪ ವ್ಯತ್ಯಾಸವನ್ನು ಕಾಣಲು ಪ್ರಯೋಗಶಾಲೆಯ ಸೂಕ್ಷ್ಮ ತಕ್ಕಡಿ ಅವಶ್ಯಕ. ಪರೀಕ್ಷೆಯು ಲೋಹವನ್ನು ತಿಳಿಸುತ್ತದೆ. ಅಚ್ಚು ಸಾಚಾ ಎಂಬುದನ್ನು ಅಕ್ಷರ, ಅಂಚುಗಳನ್ನು ಭೂತಗನ್ನಡಿಯಿಂದ ನೋಡಿಯೇ ನಿರ್ಧರಿಸಬೇಕು.

ಇಸವಿಯ ಕೆಳಗಣ ಗುರುತನ್ನೂ ಗಮನಿಸಿರಿ. ವಜ್ರಾಕೃತಿ ಮುಂಬಯಿ ಟಂಕಸಾಲೆಯದು, ನಕ್ಷತ್ರ ಹೈದರಾಬಾದಿನದು, ಚುಕ್ಕೆ ನೋಯ್ಡಾದ್ದು; ಗುರುತಿಲ್ಲದಿದ್ದರೆ ಕಲ್ಕತ್ತೆಯದು.

ಕೊನೆಗೊಂದು ಎಚ್ಚರಿಕೆ. ಮಾಸಿದ ನಾಣ್ಯವನ್ನು ಹುಣಸೆಹಣ್ಣು, ಬೂದಿಗಳಿಂದ ಉಜ್ಜಬಾರದು. ಹುಳಿಯು ಲೋಹದ ಮೇಲ್ಮೈಯನ್ನು ಕೊರೆಯುತ್ತದೆ, ಬೂದಿಯು ಗೀರುತ್ತದೆ. ಟಂಕಸಾಲೆಯ ಅಚ್ಚು ಮೂಡಿಸಿದ ನವುರಾದ ಗೆರೆಗಳು ಒಮ್ಮೆ ಅಳಿದರೆ ಮರಳಿ ಬಾರವು. ಅಂಚನ್ನು ಹಿಡಿದೆತ್ತಿ, ಒಣಗಿದ ಕಾಗದದ ಲಕೋಟೆಯಲ್ಲಿ ಇರಿಸಿ, ಮೇಲೆ ಇಸವಿಯನ್ನೂ ದೊರೆತ ಸ್ಥಳವನ್ನೂ ಬರೆದಿಡಿರಿ.