ವಾಸನೆ ಹೋದದ್ದು ಮೂಗಿನ ತಪ್ಪಲ್ಲ

ಅಮೆರಿಕದ ಸಿಯಾಟಲ್ ಪಕ್ಕದ ಕರ್ಕ್‌ಲ್ಯಾಂಡ್‌ನ ಟೋಟೆಮ್ ಲೇಕ್ ಬಡಾವಣೆಯಲ್ಲಿ ಎವರ್‌ಗ್ರೀನ್‌ಹೆಲ್ತ್ ಆಸ್ಪತ್ರೆ ಇದೆ. ಅಲ್ಲಿನ ಪಾರ್ಕಿನ್ಸನ್ ಕೇಂದ್ರಕ್ಕೆ ಬೂತ್ ಗಾರ್ಡ್ನರ್ ಅವರ ಹೆಸರು. 1985ರಿಂದ 1993ರವರೆಗೆ ವಾಷಿಂಗ್ಟನ್ ರಾಜ್ಯದ ಗವರ್ನರ್ ಆಗಿದ್ದ ಅವರನ್ನೂ ಇದೇ ಕಾಯಿಲೆ ಕಾಡಿತ್ತು.

ಹೀಗೆ ಗವರ್ನರ್ ಹೆಸರಿನ ಕೇಂದ್ರವೇ ಇದ್ದರೂ, ಪಾರ್ಕಿನ್ಸನ್ ಅಂದರೆ ಕೈನಡುಕ, ಅಷ್ಟೇ ಎಂಬುದು ನಮ್ಮವರ ಲೆಕ್ಕ. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪನಿಗೆ ಸಾರಿನ ಘಮ ಬರಲಿಲ್ಲವೆಂದರೆ ಬೈಗುಳ ಬೀಳುವುದು ಅಲ್ಲಿನ ಕೊತ್ತಂಬರಿಗೆ. ನಿಜವೆಂದರೆ, ಪಾರ್ಕಿನ್ಸನ್ ಇರುವ ನೂರಕ್ಕೆ ಸುಮಾರು 90 ಮಂದಿಗೆ ವಾಸನೆ ಮಂಕಾಗಿರುತ್ತದೆ. ಎಷ್ಟೋ ಸಲ ನಡುಕಕ್ಕೂ ವರ್ಷಗಳ ಮೊದಲೇ. ಹಾಗಂತ ವಾಸನೆ ಹೋದವರೆಲ್ಲ ಗಾಬರಿಯಾಗಬೇಕಿಲ್ಲ. ಶೀತ, ಸೈನಸ್, ಕೋವಿಡ್, ವಯಸ್ಸು ಇವೂ ಅದೇ ಕೆಲಸ ಮಾಡುತ್ತವೆ.

‘ಹಬೆ ತಗೊಳ್ಳಿ, ಸರಿಹೋಗುತ್ತೆ’ ಎನ್ನುವವರು ಮನೆಗೊಬ್ಬರು. ಕಟ್ಟಿದ ಮೂಗಿಗೆ ಅದು ಹಿತವೇ ಸರಿ. ಪಾರ್ಕಿನ್ಸನ್‌ನಲ್ಲಿ ಮೂಗು ಕಟ್ಟಿರುವುದಿಲ್ಲವಲ್ಲ! ಮೂಗಿನ ಮೇಲ್ಗಡೆ, ಮಿದುಳಿನ ಘ್ರಾಣಕಂದದೊಳಗೆ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನ್ ಗಂಟುಕಟ್ಟಿ ಕೂತಿರುತ್ತದೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಮೈಬಿಗಿತ ಸಡಿಲಿಸುತ್ತದೆಯೇ ಹೊರತು ವಾಸನೆಯನ್ನು ಮರಳಿಸುವುದಿಲ್ಲ.

ಹಾಗಾದರೆ ಕೈಚೆಲ್ಲಿ ಕೂರಬೇಕೆ? ಅದೂ ತಪ್ಪು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ‘ವಾಸನೆ ತರಬೇತಿ’ಯ ಫಲಿತಾಂಶ ಪ್ರಕಟಿಸಿತು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಹೀಗೆ ನಾಲ್ಕು ಪುಟ್ಟ ಸೀಸೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಂದೊಂದನ್ನೂ ಹತ್ತು ಸೆಕೆಂಡು ಮೂಸಬೇಕು. ಮನಸ್ಸೆಲ್ಲ ಆ ವಾಸನೆಯ ಮೇಲೇ ಇರಬೇಕು. ಹೀಗೆ 12 ವಾರ. 2013ರಲ್ಲಿ ಅದೇ ಊರಿನವರು ಪಾರ್ಕಿನ್ಸನ್ ಇದ್ದ 35 ಮಂದಿಗೆ ಇದನ್ನು ಮಾಡಿಸಿ, ಮಾಡದ 35 ಮಂದಿಯೊಂದಿಗೆ ಹೋಲಿಸಿದರು. ಮೂಸಿದವರ ಘ್ರಾಣಶಕ್ತಿ ಸುಧಾರಿಸಿತ್ತು. ಆದರೆ ಯಾರು ಮೂಸುತ್ತಿದ್ದಾರೆಂಬುದು ಎಲ್ಲರಿಗೂ ಗೊತ್ತಿದ್ದ ಸಣ್ಣ ಅಧ್ಯಯನವದು. ಹೋದ ಘಮವೆಲ್ಲ ವಾಪಸು ಬರುತ್ತದೆ, ಕಾಯಿಲೆಯೇ ವಾಸಿಯಾಗುತ್ತದೆ ಎನ್ನುವ ಸುಗಂಧ ಎಣ್ಣೆ ಮಾರುವವರ ಮಾತು ನಂಬಬೇಡಿ. ಈ ತರಬೇತಿಗೆ ಖರ್ಚು ಕಡಿಮೆ, ಅಪಾಯವೂ ಇಲ್ಲವೆಂಬಷ್ಟು. ನನ್ನ ಮಟ್ಟಿಗೆ ಪ್ರಯತ್ನಿಸಲು ಇಷ್ಟು ಸಾಕು. ಎಣ್ಣೆ ಮೂಸುವುದಕ್ಕೆ ಮಾತ್ರ, ಮೂಗಿಗೆ ಹಾಕಿಕೊಳ್ಳುವುದಕ್ಕಲ್ಲ.

ಇನ್ನೊಂದು ಮಾತು. ಅಡುಗೆ ಅನಿಲ ಸೋರಿದ್ದು ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ವಾಸನೆ ಬೆರೆಸಿರುತ್ತಾರೆ. ವಾಸನೆ ಮಂಕಾದವರಿಗೆ ಅದೂ ತಿಳಿಯದಿರಬಹುದು. ಮನೆಯಲ್ಲಿ ಇಂಥವರಿದ್ದರೆ ಸೀಸೆ ತರುವ ಮೊದಲು ಗ್ಯಾಸ್ ಮತ್ತು ಹೊಗೆಯ ಅಲಾರಂ ಹಾಕಿಸಿ, ಫ್ರಿಜ್‌ನಲ್ಲಿಡುವ ಡಬ್ಬಿಗಳ ಮೇಲೆ ತಾರೀಖು ಬರೆಯಿರಿ.